2^ಎಕ್ಸ್ ಡಿಫರೆನ್ಷಿಯೇಟ್ ಮಾಡಿದರೆ ಆ 'ಲಾಗ್ 2' ಎಲ್ಲಿಂದ ಬರುತ್ತದೆ?

ಕೀರ್ದಿ_ಗದಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಗದಗಿನ ಒಂದು ಪತ್ತಿನ ಸೊಸೈಟಿಯಲ್ಲಿ ಲೆಕ್ಕ ಬರೆಯುವವನು. ಓದಿದ್ದು ಬಿ.ಕಾಂ. ಬಡ್ಡಿ ಲೆಕ್ಕ ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುತ್ತೇನೆ, ಕ್ಯಾಲ್ಕುಲಸ್ ಮಾತ್ರ ನನ್ನ ಹಾದಿಗೇ ಬಂದಿಲ್ಲ. ಈಗ ಮಗಳು ಸೆಕೆಂಡ್ ಪಿಯುಸಿ ಸೈನ್ಸ್. ಹಾಗಾಗಿ ಮನೆಯೊಳಗೇ ಬಂದಿದೆ.

ಹೋದ ವಾರ ಟೆಸ್ಟ್‌ನಲ್ಲಿ 2^ಎಕ್ಸ್ ಅನ್ನು ಡಿಫರೆನ್ಷಿಯೇಟ್ ಮಾಡಲು, ಅಂದರೆ ಅದು ಬದಲಾಗುವ ದರ ಕಂಡುಹಿಡಿಯಲು, ಕೊಟ್ಟಿದ್ದರಂತೆ. (ಫೋನಿನಲ್ಲಿ ಮೇಲೆ ಚಿಕ್ಕದಾಗಿ ಬರೆಯಲು ಬರುತ್ತಿಲ್ಲ, ಘಾತಕ್ಕೆ ^ ಗುರುತು ಹಾಕಿದ್ದೇನೆ.) ಇವಳು ಎಕ್ಸ್ × 2^(ಎಕ್ಸ್−1) ಅಂತ ಬರೆದಿದ್ದಾಳೆ. ಅದರ ಮೇಲೆ ಕೆಂಪು ಗೀಟು. ಸರಿ ಉತ್ತರ 2^ಎಕ್ಸ್ × ಲಾಗ್ 2 ಅಂತೆ. ಯಾಕೆ ಅಂತ ಕೇಳಿದರೆ 'ಅದು ಸೂತ್ರ, ಬಾಯಿಪಾಠ ಮಾಡು, ಇನ್ನೂ ಸಿಲಬಸ್ ಬಾಕಿ ಇದೆ' ಅಂದರಂತೆ. ಅವರನ್ನೂ ಬೈಯುವಂತಿಲ್ಲ ಬಿಡಿ, ಒಂದು ಕ್ಲಾಸಿಗೆ ಎಷ್ಟು ಹುಡುಗರು.

ನಾನು ನನಗೆ ತಿಳಿದ ಹಾಗೆ ಕುಳಿತು ನೋಡಿದೆ. ಎಕ್ಸ್ 0, 1, 2, 3, 4 ಆದಾಗ 2^ಎಕ್ಸ್ ಬೆಲೆ 1, 2, 4, 8, 16. ಒಂದರಿಂದ ಇನ್ನೊಂದಕ್ಕೆ ಹೆಚ್ಚಿದ್ದು ಎಷ್ಟು? 1, 2, 4, 8. ಅಂದರೆ ಇದ್ದಷ್ಟೇ ಹೆಚ್ಚುತ್ತಿದೆ. ಹಾಗಾದರೆ ಉತ್ತರ ಸುಮ್ನೆ 2^ಎಕ್ಸ್ ಅಂತಲೇ ಆಗಬೇಕಿತ್ತಲ್ಲ? ಲಾಗ್ 2 ನಡುವೆ ಯಾಕೆ ಬಂತು?

ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಲಾಗ್ 2 ಒತ್ತಿದೆ. 0.3010 ತೋರಿಸಿತು. ಎಕ್ಸ್ 3 ಇದ್ದಾಗ 8 × 0.3010, ಅಂದರೆ 2.4. ಆದರೆ 8 ಇದ್ದದ್ದು ಮುಂದಿನ ಹೆಜ್ಜೆಗೆ 16 ಆಗುತ್ತದೆ, 8 ಹೆಚ್ಚುತ್ತದೆ. 2.4 ಎಲ್ಲಿ, 8 ಎಲ್ಲಿ? ತಾಳೆಯೇ ಆಗುತ್ತಿಲ್ಲ. ಕೀರ್ದಿ, ಖತಾವಣಿ ತಾಳೆ ಆಗದಿದ್ದರೆ ನನಗೆ ಊಟ ಸೇರಲ್ಲ. ಯಾರಾದರೂ ಬಿಡಿಸಿ ಹೇಳಿ.

ರಾಣೇಬೆನ್ನೂರು_ಲೋಕಲ್:

ಅಂಕಲ್, ನಾನು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮಾಡ್ತಿದ್ದೇನೆ. ಮೊದಲು ಆ 0.3010 ವಿಷಯ ಮುಗಿಸೋಣ. ಕ್ಯಾಲ್ಕುಲೇಟರ್‌ನಲ್ಲಿ ಲಾಗ್ ಅಂತ ಇರುವ ಬಟನ್ 10ರ ಆಧಾರದ್ದು. ಪಿಯು ಪುಸ್ತಕದಲ್ಲಿ ಲಾಗ್ ಅಂದರೆ ಇ (2.71828 ಅನ್ನೋ ಸಂಖ್ಯೆ) ಆಧಾರದ್ದು. ಅದಕ್ಕೆ ಪಕ್ಕದಲ್ಲಿ 'ಎಲ್‌ಎನ್' ಅಂತ ಬೇರೆ ಬಟನ್ ಇರುತ್ತದೆ. ಅದನ್ನು ಒತ್ತಿ, 0.6931 ಬರುತ್ತದೆ.

ಇನ್ನು ಪವರ್ ರೂಲ್ ವಿಷಯ. ಪವರ್ ಅನ್ನು ಮುಂದೆ ತಂದು ಮೇಲೆ ಒಂದು ಕಡಿಮೆ ಮಾಡೋದು, ನಿಮ್ಮ ಮಗಳು ಹಾಕಿದ್ದು ಅದೇ. ಎಕ್ಸ್ ಕೆಳಗಿದ್ದು ಮೇಲೆ ನಂಬರ್ ಇದ್ದರೆ (ಎಕ್ಸ್^5 ತರ) ಮಾತ್ರ ಅದು ನಡೆಯುತ್ತೆ. ಎಕ್ಸ್ ಮೇಲೆ ಹೋಯ್ತು ಅಂದರೆ ಬೇರೆ ಸೂತ್ರ. ಅಷ್ಟು ನೆನಪಿಟ್ಟರೆ ಸಾಕು. ಸಿಇಟಿ ಗಣಿತದಲ್ಲಿ 60 ಪ್ರಶ್ನೆ, 80 ನಿಮಿಷ. ಒಂದಕ್ಕೆ 80 ಸೆಕೆಂಡ್. ಅಲ್ಲಿ ಕೂತು ಯಾಕೆ, ಎಲ್ಲಿಂದ ಅಂತ ಯೋಚಿಸೋಕೆ ಟೈಮ್ ಇರಲ್ಲ.

ಕೀರ್ದಿ_ಗದಗ:

ಥ್ಯಾಂಕ್ಸ್ ತಮ್ಮಾ. ಎಲ್‌ಎನ್ ಒತ್ತಿದೆ, 0.6931 ಬಂತು. 8 × 0.6931 ಅಂದರೆ 5.5. ಆದರೂ 8 ಬರಲಿಲ್ಲವಲ್ಲ. ಪರೀಕ್ಷೆಗೆ ನೀನು ಹೇಳಿದ್ದು ಸಾಕು, ಒಪ್ಪಿದೆ. ಈಗ ಕೇಳುತ್ತಿರುವವನು ನಾನು, ನನಗೆ ಪರೀಕ್ಷೆ ಇಲ್ಲ.

ಸಪ್ತಾಪುರ_ಸಂಜೆ_ಕ್ಲಾಸ್:

ಕೀರ್ದಿಯವರೇ, ನಾನು ಧಾರವಾಡದಲ್ಲಿ ಸಂಜೆ ಹೊತ್ತು ಪಿಯು ಹುಡುಗರಿಗೆ ಗಣಿತ ಹೇಳುವವನು. ಸಪ್ತಾಪುರದ ಕಡೆ ಬಂದವರಿಗೆ ಗೊತ್ತು, ಅಲ್ಲಿ ಗೋಡೆ ಗೋಡೆಗೂ ಕೋಚಿಂಗ್ ಬೋರ್ಡು, ರೂಮು ರೂಮಿಗೂ ಸೂತ್ರದ ಚಾರ್ಟು. ಚಾರ್ಟ್ ನೋಡಿ ಕಲಿತ ಹುಡುಗನಿಗೆ ಎಕ್ಸ್ ಜಾಗ ಸ್ವಲ್ಪ ಬದಲಾದರೆ ಕೈಕಾಲು ಆಡಲ್ಲ. ಆದ್ದರಿಂದ ನಿಮ್ಮ ಪ್ರಶ್ನೆ ನನಗೆ ಬಹಳ ಹಿಡಿಸಿತು.

ಮಗಳ ಉತ್ತರ ಯಾಕೆ ತಪ್ಪು ಅನ್ನುವುದಕ್ಕೆ ಒಂದೇ ಸಾಲು ಸಾಕು. ಎಕ್ಸ್ ಜಾಗದಲ್ಲಿ 0 ಹಾಕಿ. ಎಕ್ಸ್ × 2^(ಎಕ್ಸ್−1) ಸೊನ್ನೆ ಆಗುತ್ತದೆ. ಅಂದರೆ ಅಲ್ಲಿ 2^ಎಕ್ಸ್ ಹೆಚ್ಚುವುದೇ ಇಲ್ಲ ಅಂತ ಹೇಳಿದ ಹಾಗಾಯಿತು. ಎಕ್ಸ್‌ಗೆ −1 ಹಾಕಿದರೆ ಇನ್ನೂ ಮೋಜು, ಉತ್ತರ ಮೈನಸ್, ಅಂದರೆ ಇಳಿಯುತ್ತಿದೆ. ಆದರೆ 2^ಎಕ್ಸ್ ಎಲ್ಲೂ ನಿಲ್ಲಲ್ಲ, ಎಲ್ಲೂ ಇಳಿಯಲ್ಲ. ಕಾಲು, ಅರ್ಧ, ಒಂದು, ಎರಡು ಅಂತ ಏರುತ್ತಲೇ ಇರುತ್ತದೆ. ಈ ಪರೀಕ್ಷೆಗೆ 80 ಸೆಕೆಂಡ್ ಬೇಡ, ಐದು ಸಾಕು. ರಾಣೇಬೆನ್ನೂರಿನ ತಮ್ಮ ಇದನ್ನೂ ಜೇಬಿನಲ್ಲಿ ಇಟ್ಟುಕೊಳ್ಳಲಿ.

ಈಗ ನಿಮ್ಮ ಅಸಲು ಪ್ರಶ್ನೆ. 'ಇದ್ದಷ್ಟೇ ಹೆಚ್ಚುತ್ತದೆ, ಹಾಗಾದರೆ 0.69 ಯಾಕೆ?'

ನಿಮ್ಮ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಶುರುವಾಗಿದೆ. ಬಡ್ಡಿಯ ಲೆಕ್ಕವನ್ನು ಗದಗಿನವರಿಗೆ ನಾನು ಹೇಳಿಕೊಡುವುದು ಅಧಿಕಪ್ರಸಂಗ. ಆದರೂ ಅದರಲ್ಲೇ ಹೇಳುತ್ತೇನೆ, ಯಾಕೆಂದರೆ ಇದು ಬಡ್ಡಿಯದೇ ಲೆಕ್ಕ.

ಒಂದು ಠೇವಣಿ ವರ್ಷಕ್ಕೆ ಸರಿಯಾಗಿ ದುಪ್ಪಟ್ಟು ಆಗಬೇಕು. 1 ರೂಪಾಯಿ 2 ಆಗಬೇಕು. ವರ್ಷಕ್ಕೊಮ್ಮೆ ಬಡ್ಡಿ ಸೇರಿಸುವುದಾದರೆ ದರ ಎಷ್ಟು ಬರೆಯಬೇಕು? 100%. ನಿಮ್ಮ 1, 2, 4, 8 ಪಟ್ಟಿ ಇದೇ.

ಆರು ತಿಂಗಳಿಗೊಮ್ಮೆ ಸೇರಿಸಿದರೆ? ಆಗ 100% ಬರೆದರೆ ದುಪ್ಪಟ್ಟಿಗಿಂತ ಜಾಸ್ತಿ ಕೊಟ್ಟ ಹಾಗಾಗುತ್ತದೆ, ಬಡ್ಡಿಗೂ ಬಡ್ಡಿ ಬಿತ್ತಲ್ಲ. ಆದ್ದರಿಂದ ದರ ಇಳಿಸಬೇಕು, 82.84% ಸಾಕು. ಮೂರು ತಿಂಗಳಿಗೊಮ್ಮೆ ಆದರೆ 75.68%. ತಿಂಗಳಿಗೊಮ್ಮೆ ಆದರೆ 71.36%. ದಿನಾ ಸೇರಿಸಿದರೆ 69.38%. ಕ್ಷಣಕ್ಷಣಕ್ಕೂ ಸೇರಿಸುತ್ತಾ ಹೋದರೆ 69.31%ಗೆ ಬಂದು ನಿಲ್ಲುತ್ತದೆ. ಅದರ ಕೆಳಗೆ ಇಳಿಯಲ್ಲ.

ಆ 0.6931 ಇದೇ. ನಿಮ್ಮದು ವರ್ಷದ ಕೊನೆಗೆ ಕೂಡಿಸಿದ ಹೆಚ್ಚಳ. ಡಿಫರೆನ್ಷಿಯೇಷನ್ ಕೇಳುವುದು ಈ ಕ್ಷಣದ ದರ. 8 ರೂಪಾಯಿ ಇದ್ದಾಗ ಆ ಕ್ಷಣದ ದರ ವರ್ಷಕ್ಕೆ 5.55 ರೂಪಾಯಿಯಂತೆ ಶುರುವಾಗುತ್ತದೆ. ಹಣ ಬೆಳೆದ ಹಾಗೆ ದರವೂ ಬೆಳೆದು, 16 ಮುಟ್ಟುವ ಹೊತ್ತಿಗೆ 11.09 ಆಗಿರುತ್ತದೆ. ವರ್ಷವಿಡೀ ಒಟ್ಟು ಹೆಚ್ಚಿದ್ದು 8. ಅದು 5.55ಕ್ಕೂ 11.09ಕ್ಕೂ ನಡುವೆ ಬಂತು, ಬರಲೇಬೇಕು. ತಾಳೆ ಆಯಿತಾ?

ಇದನ್ನೇ ಪುಸ್ತಕದಲ್ಲಿ ಲಿಮಿಟ್ ಅಂತ ಬರೆದಿರುತ್ತಾರೆ. (2^ಎಚ್ − 1) ÷ ಎಚ್, ಇಲ್ಲಿ ಎಚ್ ಸೊನ್ನೆಯ ಹತ್ತಿರ ಹೋಗಬೇಕು. ಎಚ್ ಜಾಗದಲ್ಲಿ 1 ಹಾಕಿದರೆ ವಾರ್ಷಿಕ, ಅರ್ಧ ಹಾಕಿದರೆ ಆರು ತಿಂಗಳು, ಕಾಲು ಹಾಕಿದರೆ ತ್ರೈಮಾಸಿಕ. ಮೇಲಿನ ಶೇಕಡಾ ಎಲ್ಲ ಬಂದದ್ದು ಇದರಿಂದಲೇ. ಮಗಳಿಗೆ ಒಂದು ಸಾಲು ತೋರಿಸಿ: 2^(ಎಕ್ಸ್+ಎಚ್) ಅಂದರೆ 2^ಎಕ್ಸ್ × 2^ಎಚ್. ಅದರಿಂದ 2^ಎಕ್ಸ್ ಕಳೆದರೆ 2^ಎಕ್ಸ್ ಹೊರಗೆ ಬರುತ್ತದೆ, ಒಳಗೆ (2^ಎಚ್ − 1) ಉಳಿಯುತ್ತದೆ. ಒಳಗೆ ಎಕ್ಸ್ ಇಲ್ಲವೇ ಇಲ್ಲ. ಆದ್ದರಿಂದ ಅದು ಬರೀ ಒಂದು ಸಂಖ್ಯೆ. ಎಕ್ಸ್ ಎಲ್ಲೇ ಇರಲಿ, ದರ ಅಂದರೆ 'ಇದ್ದಷ್ಟು × ಆ ಸಂಖ್ಯೆ'. ಇಡೀ ವಿಷಯದ ಬೆನ್ನೆಲುಬು ಈ ಸಾಲು. ಉಳಿದದ್ದೆಲ್ಲ ಆ ಸಂಖ್ಯೆ ಎಷ್ಟು ಅನ್ನುವುದರ ಲೆಕ್ಕ.

ಆ ಸಂಖ್ಯೆಯನ್ನು ನೀವು ಆಫೀಸಿನ ಟೇಬಲ್ ಮೇಲಿನ ಕ್ಯಾಲ್ಕುಲೇಟರ್‌ನಲ್ಲೇ ತೆಗೆಯಬಹುದು. ಲಾಗ್ ಬಟನ್ ಬೇಡ, ವರ್ಗಮೂಲದ ಬಟನ್ ಇದ್ದರೆ ಸಾಕು. 12 ಅಂಕಿಯದು ಆದರೆ ಒಳ್ಳೆಯದು. 2 ಒತ್ತಿ. ವರ್ಗಮೂಲ ಹತ್ತು ಸಲ ಒತ್ತಿ. 1.000677 ಚಿಲ್ಲರೆ ಬರುತ್ತದೆ. ಅದು 2^(1/1024). ಅದರಿಂದ 1 ಕಳೆದು 1024ರಿಂದ ಗುಣಿಸಿ. 0.69338 ಬರುತ್ತದೆ. ಇನ್ನೂ ಹೆಚ್ಚು ಸಲ ಒತ್ತಿದರೆ ನಿಜವಾದ ಬೆಲೆಗೆ ಇನ್ನೂ ಹತ್ತಿರ ಬರುತ್ತದೆ, ಆದರೆ ತೀರಾ ಅತಿ ಮಾಡಿದರೆ ಅಂಕಿ ಸಾಲದೆ ಮಷಿನ್ ಕೆಡಿಸುತ್ತದೆ. ಹತ್ತು ಸಾಕು.

ಈಗ 3 ಹಾಕಿ ಹಾಗೇ ಮಾಡಿ: 1.0992. ಅಂದರೆ 3^ಎಕ್ಸ್ ಬೆಳೆಯುವ ದರ ಇದ್ದದ್ದಕ್ಕಿಂತ ಸ್ವಲ್ಪ ಜಾಸ್ತಿ. 2ಕ್ಕೆ 1ಕ್ಕಿಂತ ಕಡಿಮೆ, 3ಕ್ಕೆ 1ಕ್ಕಿಂತ ಹೆಚ್ಚು. ನಡುವೆ ಎಲ್ಲೋ ಒಂದು ಸಂಖ್ಯೆಗೆ ಸರಿಯಾಗಿ 1 ಬರಬೇಕಲ್ಲ? ಅದೇ ಇ, 2.71828. ಇ^ಎಕ್ಸ್ ಡಿಫರೆನ್ಷಿಯೇಟ್ ಮಾಡಿದರೆ ಇ^ಎಕ್ಸ್ ಅಂತ ಎಲ್ಲರೂ ಮಂತ್ರದ ಹಾಗೆ ಹೇಳುತ್ತಾರೆ. ಅದರಲ್ಲಿ ಪವಾಡ ಏನಿಲ್ಲ. ಆ ಗುಣ ಇರುವ ಸಂಖ್ಯೆಗೇ ಇ ಅಂತ ಹೆಸರು. ನೀವು ಮೊದಲು 'ಇದ್ದಷ್ಟೇ ಹೆಚ್ಚುತ್ತದೆ' ಅಂದಿರಲ್ಲ, ಆ ಮಾತು ಪೂರ್ತಿ ನಿಜ ಆಗುವುದು ಇ^ಎಕ್ಸ್ ಒಂದಕ್ಕೇ.

ಇತಿಹಾಸದಲ್ಲಿ ಅದು ಸಿಕ್ಕಿದ್ದೂ ಚಕ್ರಬಡ್ಡಿಯಲ್ಲೇ. 1683ರಲ್ಲಿ ಜೇಕಬ್ ಬರ್ನೌಲಿ ಹಿಡಿದದ್ದು ಇದರ ಉಲ್ಟಾ ಪ್ರಶ್ನೆ: ದರ 100% ಅಂತಲೇ ಇರಲಿ, ಬಡ್ಡಿ ಸೇರಿಸುವುದನ್ನು ಹೆಚ್ಚಿಸುತ್ತಾ ಹೋದರೆ 1 ರೂಪಾಯಿ ಎಷ್ಟಾಗುತ್ತದೆ? ವರ್ಷಕ್ಕೊಮ್ಮೆ ಆದರೆ 2, ಆರು ತಿಂಗಳಿಗೆ 2.25, ತಿಂಗಳಿಗೆ 2.613, ದಿನಕ್ಕೆ 2.7146. ಎಷ್ಟೇ ಹೆಚ್ಚಿಸಿದರೂ 2.71828 ದಾಟಲ್ಲ. ಇ ಅನ್ನುವ ಅಕ್ಷರ ಕೊಟ್ಟವನು ಆಯ್ಲರ್, ಅದು 18ನೇ ಶತಮಾನದ ಮಾತು. ರೂಪಾಯಿ ನಾನು ಸೇರಿಸಿದ್ದು.

ಕೊನೆಗೆ, ಆ ಸಂಖ್ಯೆ ಲಾಗ್ ಯಾಕೆ ಆಯಿತು? 6 ಹಾಕಿ ಅದೇ ವರ್ಗಮೂಲದ ಆಟ ಆಡಿ. 1.79 ಬರುತ್ತದೆ. 2ರದ್ದು 0.69, 3ರದ್ದು 1.10, ಕೂಡಿಸಿದರೆ 1.79. ಸಂಖ್ಯೆಗಳನ್ನು ಗುಣಿಸಿದರೆ ಇವು ಕೂಡುತ್ತವೆ. ಈ ಗುಣ ಲಾಗ್‌ನದು ಅಲ್ವಾ? 6^ಎಕ್ಸ್ ಅನ್ನು 2^ಎಕ್ಸ್ × 3^ಎಕ್ಸ್ ಅಂತ ಬರೆದು ಪ್ರಾಡಕ್ಟ್ ರೂಲ್ (ಗುಣಾಕಾರವನ್ನು ಡಿಫರೆನ್ಷಿಯೇಟ್ ಮಾಡುವ ಸೂತ್ರ) ಹಾಕಲು ಮಗಳಿಗೆ ಹೇಳಿ, ಯಾಕೆ ಕೂಡುತ್ತವೆ ಅನ್ನುವುದು ಅವಳಿಗೇ ಕಾಣುತ್ತದೆ. ಇ ಹಾಕಿದಾಗ 1 ಬರುತ್ತದೆ, ಆದ್ದರಿಂದ ಇದು ಇ ಆಧಾರದ ಲಾಗ್.

ನವಲೂರು_ಪೇರಲ:

ಪಿಗ್ಮಿಗೆ ವರ್ಷಕ್ಕೆ ದುಪ್ಪಟ್ಟು ಕೊಡುವ ಸೊಸೈಟಿ ಯಾವುದ್ರೀ? ನಾಳೆನೇ ಖಾತೆ ತೆಗೀತೀನಿ.

ಕೀರ್ದಿ_ಗದಗ:

ಅಂಥ ಸೊಸೈಟಿ ಕಂಡರೆ ಖಾತೆ ತೆಗೆಯಬೇಡಿ, ಓಡಿ.

ಮಾಸ್ತರ್, ವರ್ಗಮೂಲ ಹತ್ತು ಸಲ ಒತ್ತಿದೆ. ಟೇಬಲ್ ಮೇಲಿದ್ದ ಚಲನ್‌ಗಳನ್ನು ಪಕ್ಕಕ್ಕೆ ಸರಿಸಿ 2, 3, 6, 10 ಎಲ್ಲ ಮಾಡಿ ನೋಡಿದೆ. 10ಕ್ಕೆ 2.305 ಬಂತು. ನಮ್ಮ ಕ್ಯಾಷಿಯರ್ ಬಂದು 'ಏನ್ರೀ ಇದು, ಒಂದೇ ಬಟನ್ ಕುಟ್ಟಾಕತ್ತೀರಿ' ಅಂದರು. ಅವರಿಗೂ ತೋರಿಸಿದೆ.

ಆ 82.84, 75.68 ಪಟ್ಟಿ ನೋಡಿದ ಕೂಡಲೇ ಅರ್ಥ ಆಯಿತು. ಬರೆದ ದರ ಬೇರೆ, ಕೈಗೆ ಬರುವ ದರ ಬೇರೆ. ಇದನ್ನು ಠೇವಣಿದಾರರಿಗೆ ನಾನೇ ದಿನಾ ವಿವರಿಸುತ್ತೇನೆ. ಕ್ಯಾಲ್ಕುಲಸ್ ಅಂದರೆ ಇದೇ ಅಂತ ಯಾರೂ ಹೇಳಿರಲಿಲ್ಲ.

ಇನ್ನೊಂದು ಹೊಳೆಯಿತು. ಹಣ ಎಷ್ಟು ವರ್ಷಕ್ಕೆ ದುಪ್ಪಟ್ಟು ಆಗುತ್ತದೆ ಅಂತ ಕೇಳಿದರೆ ನಾವು 72 ಅನ್ನು ಬಡ್ಡಿ ದರದಿಂದ ಭಾಗಿಸುತ್ತೇವೆ. 8% ಆದರೆ 9 ವರ್ಷ. ಈ 72, ನಿಮ್ಮ 69.3ರ ಅಣ್ಣನೋ ತಮ್ಮನೋ ಇರಬೇಕಲ್ಲ?

ಸಪ್ತಾಪುರ_ಸಂಜೆ_ಕ್ಲಾಸ್:

ಹೌದ್ರೀ, ಅಣ್ಣನೇ. ಕ್ಷಣಕ್ಷಣಕ್ಕೂ ಬಡ್ಡಿ ಸೇರುವುದಾದರೆ 69.3 ಸರಿ. ವರ್ಷಕ್ಕೊಮ್ಮೆ ಸೇರುವಾಗ ಸ್ವಲ್ಪ ತಡ ಆಗುತ್ತದೆ, ಆದ್ದರಿಂದ ಮೇಲಿನ ಸಂಖ್ಯೆ ಸ್ವಲ್ಪ ದೊಡ್ಡದಿರಬೇಕು. 8% ಹತ್ತಿರ 72 ಚೆನ್ನಾಗಿ ಹೊಂದುತ್ತದೆ. ಸರಿಯಾದ ಉತ್ತರ 9.006 ವರ್ಷ. ಮೇಲಾಗಿ 72 ಅನ್ನು 6, 8, 9, 12 ಎಲ್ಲದರಿಂದಲೂ ಭಾಗಿಸಬಹುದು, 69.3ರಿಂದ ಬಾಯಿಲೆಕ್ಕ ಮಾಡಿ ನೋಡಿ.

ಗಾಮಾ_ಹುಬ್ಬಳ್ಳಿ:

ಈ ಚರ್ಚೆ ಓದಿ ನಗು ಬಂತು, ಯಾಕೆಂದರೆ ನನಗೆ 0.693 ದಿನಾ ಬೇಕು. ನಾನು ಹುಬ್ಬಳ್ಳಿಯಲ್ಲಿ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಟೆಕ್ನೀಷಿಯನ್. ಸ್ಕ್ಯಾನ್‌ಗೆ ಕೊಡುವ ಟೆಕ್ನೀಷಿಯಂ-99ಎಂ ಅನ್ನುವ ವಿಕಿರಣ ವಸ್ತು ಆರು ಗಂಟೆಗೆ ಅರ್ಧ ಆಗುತ್ತದೆ. ನಿಮ್ಮದು ದುಪ್ಪಟ್ಟು, ನಮ್ಮದು ಅರ್ಧ. ಲೆಕ್ಕ ಒಂದೇ, ಮುಂದೆ ಮೈನಸ್ ಬರುತ್ತದೆ. ಅರ್ಧದ ಲಾಗ್ −0.693 ಅಲ್ವಾ.

ಬೆಳಿಗ್ಗೆ 8ಕ್ಕೆ ವಿಕಿರಣ ಅಳೆಯುವ ಡೋಸ್ ಕ್ಯಾಲಿಬ್ರೇಟರ್‌ನಲ್ಲಿ 40 ಮಿಲಿಕ್ಯೂರಿ ತೋರಿಸಿತು ಅನ್ನಿ. ಮಧ್ಯಾಹ್ನ 2ಕ್ಕೆ 20 ಇರುತ್ತದೆ. ಹೊಸದಾಗಿ ಸೇರಿದವರು 'ಆರು ಗಂಟೆಗೆ 20 ಹೋಯ್ತು, ಅಂದರೆ ಗಂಟೆಗೆ 3.33' ಅಂತ ಭಾಗಿಸಿಬಿಡುತ್ತಾರೆ. ಹಾಗಲ್ಲ. 0.693ನ್ನು 6ರಿಂದ ಭಾಗಿಸಿದರೆ 0.1155. 8 ಗಂಟೆಗೆ ಇಳಿಯುವ ದರ 40 × 0.1155, ಅಂದರೆ ಗಂಟೆಗೆ 4.62. ಮಧ್ಯಾಹ್ನ 2ಕ್ಕೆ ಅದೇ ದರ 2.31. 9 ಗಂಟೆಗೆ ಅಳೆದರೆ 35.64 ಇರುತ್ತದೆ, 3.33ರ ಲೆಕ್ಕದವರು 36.67 ಅಂತ ಬರೆದಿರುತ್ತಾರೆ. ರೋಗಿ ಬರುವುದು ಅರ್ಧ ಗಂಟೆ ತಡ ಆದರೂ ಎಷ್ಟು ಎಂಎಲ್ ಎಳೆಯಬೇಕು ಅನ್ನುವುದು ಬದಲಾಗುತ್ತದೆ. ಆದ್ದರಿಂದ ಅಂದಾಜಿನ ಮೇಲೆ ಬಿಡಲ್ಲ, ಸಮಯ ಬರೆದೇ ಲೆಕ್ಕ ಹಾಕುತ್ತೇವೆ.

ಕೀರ್ದಿ_ಗದಗ:

ಸವಕಳಿ ಲೆಕ್ಕದ ಹಾಗೆಯೇ ಇದೆ. ವರ್ಷಾವರ್ಷ ಉಳಿದ ಬೆಲೆಯ ಮೇಲೆ ಶೇಕಡಾ ಕಳೆಯುತ್ತೇವಲ್ಲ, ಅದು.

ಮಗಳು ಈಗ ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ. ಅವಳ ಪ್ರಶ್ನೆ, ಅವಳದೇ ಮಾತಿನಲ್ಲಿ: 'ಸರ್, 5^(3ಎಕ್ಸ್) ಬಂದರೆ ಏನು ಮಾಡಬೇಕು? ಇ^(ಎಕ್ಸ್²) ಬಂದರೆ? ಎಕ್ಸ್^ಎಕ್ಸ್ ಬಂದರೆ ಎಕ್ಸ್ ಕೆಳಗೂ ಇದೆ ಮೇಲೂ ಇದೆ, ಆಗ ಯಾವ ರೂಲ್? ಮತ್ತೆ ಪರೀಕ್ಷೆಯಲ್ಲಿ ಲಾಗ್ ಅಂತ ಬರೆಯಲಾ, ಎಲ್‌ಎನ್ ಅಂತ ಬರೆಯಲಾ?'

ರಾಣೇಬೆನ್ನೂರು_ಲೋಕಲ್:

ಮೊದಲ ಎರಡು ನಾನು ಹೇಳ್ತೀನಿ, ಚೈನ್ ರೂಲ್. ಪವರ್ ಹಾಗೇ ಇಟ್ಟು ಬರಿ, ಬೇಸ್‌ನ ಲಾಗ್‌ನಿಂದ ಗುಣಿಸು, ಆಮೇಲೆ ಪವರ್‌ನ ಡೆರಿವೇಟಿವ್‌ನಿಂದ ಗುಣಿಸು. 5^(3ಎಕ್ಸ್) ಆದರೆ 5^(3ಎಕ್ಸ್) × ಲಾಗ್ 5 × 3. ಇ^(ಎಕ್ಸ್²) ಆದರೆ ಇ^(ಎಕ್ಸ್²) × 2ಎಕ್ಸ್, ಯಾಕೆಂದರೆ ಲಾಗ್ ಇ ಅಂದರೆ 1. ಪವರ್ ಅನ್ನು ಒಂದು ಕಡಿಮೆ ಮಾಡೋ ಚಾಳಿ ಇಲ್ಲಿ ಬೇಡವೇ ಬೇಡ ತಂಗಿ.

ಸಪ್ತಾಪುರ_ಸಂಜೆ_ಕ್ಲಾಸ್:

ಸರಿ ಹೇಳಿದೆ. ಮಗೂ, 5^(3ಎಕ್ಸ್) ಅಂದರೆ 125^ಎಕ್ಸ್ ಅಂತಲೂ ಬರೆಯಬಹುದು. ಆಗ ಉತ್ತರ 125^ಎಕ್ಸ್ × ಲಾಗ್ 125. ಎರಡೂ ಒಂದೇನಾ ಅಂತ ನೀನೇ ನೋಡು. ಒಂದೇ ಲೆಕ್ಕವನ್ನು ಎರಡು ದಾರಿಯಲ್ಲಿ ಮಾಡಿ ಒಂದೇ ಉತ್ತರ ಬಂತು ಅಂದರೆ ಪರೀಕ್ಷೆಯಲ್ಲಿ ಧೈರ್ಯ ಬರುತ್ತದೆ.

ಎಕ್ಸ್^ಎಕ್ಸ್ ನನಗೆ ಬಹಳ ಇಷ್ಟದ ಲೆಕ್ಕ. ಎಕ್ಸ್ ಸೊನ್ನೆಗಿಂತ ದೊಡ್ಡದು ಅಂತ ಇಟ್ಟುಕೊಳ್ಳೋಣ. ಟೆಸ್ಟ್‌ನಲ್ಲಿ ನೀನು ಹಾಕಿದೆಯಲ್ಲ, ಆ ಪವರ್ ರೂಲ್ ಅನ್ನು ಇಲ್ಲಿ ಹಾಕು. ಮೇಲಿನ ಎಕ್ಸ್ ಬರೀ ನಂಬರ್ ಅಂತ ತಿಳಿದರೆ ಎಕ್ಸ್ × ಎಕ್ಸ್^(ಎಕ್ಸ್−1), ಅಂದರೆ ಎಕ್ಸ್^ಎಕ್ಸ್. ಈಗ ಕೆಳಗಿನ ಎಕ್ಸ್ ನಂಬರ್ ಅಂತ ತಿಳಿದು ಇನ್ನೊಂದು ಸೂತ್ರ ಹಾಕಿದರೆ ಎಕ್ಸ್^ಎಕ್ಸ್ × ಲಾಗ್ ಎಕ್ಸ್. ಒಂದೊಂದೇ ಬರೆದರೆ ಎರಡೂ ತಪ್ಪು. ಎರಡನ್ನೂ ಕೂಡಿಸಿದರೆ ಸರಿ: ಎಕ್ಸ್^ಎಕ್ಸ್ × (1 + ಲಾಗ್ ಎಕ್ಸ್). ಎಕ್ಸ್ ಎರಡು ಕಡೆ ಬದಲಾಗುತ್ತಿದೆ, ಎರಡರ ಪಾಲೂ ಬರಬೇಕು. ಆದರೆ ಪರೀಕ್ಷೆಯಲ್ಲಿ ಹೀಗೆ ಬರೆದರೆ ಹಂತದ ಅಂಕ ಸಿಗಲ್ಲ. ಅಲ್ಲಿ ವೈ = ಎಕ್ಸ್^ಎಕ್ಸ್ ಅಂತ ಇಟ್ಟು, ಎರಡೂ ಬದಿಗೆ ಲಾಗ್ ತೆಗೆದುಕೊಂಡು, ಲಾಗ್ ವೈ = ಎಕ್ಸ್ ಲಾಗ್ ಎಕ್ಸ್ ಅಂತ ಶುರು ಮಾಡು, ಬಲಗಡೆ ಪ್ರಾಡಕ್ಟ್ ರೂಲ್ ಹಾಕು. ಉತ್ತರ ಇದೇ ಬರುತ್ತದೆ.

ಲಾಗ್ ಅಂತಲೇ ಬರಿ, ನಿಮ್ಮ ಪುಸ್ತಕದಲ್ಲಿ ಹಾಗೇ ಇದೆ. ಎಲ್‌ಎನ್ ಬರೆದರೂ ತಪ್ಪಲ್ಲ, ಒಂದೇ ಉತ್ತರದಲ್ಲಿ ಎರಡನ್ನೂ ಕಲಸಬೇಡ ಅಷ್ಟೇ. ಕೊನೆಯ ಉತ್ತರದಲ್ಲಿ ಲಾಗ್ 2 ಅನ್ನು ಲಾಗ್ 2 ಅಂತಲೇ ಬಿಡು, ಕೇಳದಿದ್ದರೆ 0.6931 ಮಾಡಲು ಹೋಗಬೇಡ.